ತಾಯಿಗೆ ಅಮಲು, ಏಜೆಂಟನಿಗೆ ಔಷಧಿ

ಶೇಂಗಾ ಕೀಳುವ ಕಾಲದಲ್ಲಿ ನನ್ನ ಚಿಕಿತ್ಸಾಲಯಕ್ಕೆ ಬರುವ ಹೆಂಗಸರೆಲ್ಲ ಸೊಂಟ ಹಿಡಿದುಕೊಂಡೇ ಬರುತ್ತಾರೆ. ಮೊಳಕಾಲ್ಮೂರು ತಾಲ್ಲೂಕಿನ ಬಿ.ಜಿ. ಕೆರೆ ಕಡೆಯ ಒಂದು ಹಳ್ಳಿಯಲ್ಲಿರುವ ಎರಡು ಕೋಣೆಯ ಸರ್ಕಾರಿ ಆಯುರ್ವೇದ ಚಿಕಿತ್ಸಾಲಯ ಅದು. ಒಂದು ಕೋಣೆಯಲ್ಲಿ ನಾನು, ಇನ್ನೊಂದರಲ್ಲಿ ಔಷಧಿ ಡಬ್ಬಗಳು. ಅವತ್ತೂ ಎಣ್ಣೆ ಕೊಡಿ, ಲೇಪ ಕೊಡಿ ಅನ್ನುವವರ ಮಧ್ಯೆ ಒಬ್ಬ ಮುದುಕಿ ಎಲ್ಲರನ್ನೂ ತಳ್ಳಿಕೊಂಡು ಒಳಗೆ ನುಗ್ಗಿದಳು. ಹಿಂದೆ ಅವಳ ಸೊಸೆ. ಸೊಸೆಯ ಕೈಯಲ್ಲಿ ಹಳೇ ಸೀರೆ ತುಂಡಿನಲ್ಲಿ ಸುತ್ತಿದ ಕೂಸು, ಇನ್ನೂ ಕೂರಲು ಬಾರದ ಗಂಡು ಕೂಸು.

"ಅಮ್ಮಾ, ಕೂಸು ಏಳ್ತಾನೇ ಇಲ್ಲ. ಬೆಳಿಗ್ಗೆ ಮಲಗಿದ್ದು, ಮೊಲೆ ಬಾಯಿಗಿಟ್ರೂ ಹಿಡೀವಲ್ದು," ಅಂದಳು ಮುದುಕಿ.

ಮೇಜಿನ ಮೇಲೆ ಮಲಗಿಸಿದೆ. ಕೈ ಎತ್ತಿ ಬಿಟ್ಟರೆ ಒದ್ದೆ ಬಟ್ಟೆಯಂತೆ ಬಿತ್ತು. ಅಂಗಾಲು ಚಿವುಟಿದರೆ ಮುಖ ಸ್ವಲ್ಪ ಕಿವುಚಿ ಮತ್ತೆ ನಿದ್ದೆ. ರೆಪ್ಪೆ ಬಿಡಿಸಿ ನೋಡಿದೆ. ಕಣ್ಣು ಕೆಂಪಗಿದ್ದವು, ಪಾಪೆ ಅಗಲವಾಗಿತ್ತು. ಜ್ವರ ಇಲ್ಲ. ಉಸಿರು ಮಾತ್ರ ನಿಧಾನ, ನೋಡುವವರಿಗೆ ಭಯವಾಗುವಷ್ಟು ನಿಧಾನ.

"ಏನು ಕೊಟ್ರಿ ಇದಕ್ಕೆ?"

"ಏನೂ ಇಲ್ಲಮ್ಮ, ಎದೆಹಾಲೇ."

"ಸುಳ್ಳು ಹೇಳ್ಬ್ಯಾಡ ಅಜ್ಜಿ, ಕೂಸು ಉಳೀಬೇಕೋ ಬ್ಯಾಡೋ?" ಎಂದು ರೇಗಿದೆ. ಕೂಸಿನ ಬಾಯಿಯ ಹತ್ತಿರ ಮೂಗು ಒಡ್ಡಿದೆ. ಸಕ್ಕರೆ, ಸೋಂಪು, ಅದರಡಿಯಲ್ಲಿ ಹಸಿ ಸೊಪ್ಪಿನ ಘಾಟು. ನಮ್ಮ ಶಾಸ್ತ್ರದಲ್ಲಿ ಭಂಗಿ ಸೊಪ್ಪಿಗೆ ವಿಜಯಾ ಎಂದು ಹೆಸರು. ಕಾಲೇಜಿನಲ್ಲಿ ಅದನ್ನು ಶುದ್ಧಿ ಮಾಡುವುದನ್ನು ನಮ್ಮ ಕೈಯಿಂದಲೇ ಮಾಡಿಸಿದ್ದರು. ಆ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಜನ್ಮಕ್ಕೂ ಬಿಡುವುದಿಲ್ಲ.

ಸೊಸೆ ಆಗ ಬಾಯಿ ಬಿಟ್ಟಳು. ಹೊಲದಲ್ಲಿ ಶೇಂಗಾ ಕೀಳುವಾಗ ಕೂಸನ್ನು ಬೇವಿನ ಮರಕ್ಕೆ ಜೋಲಿ ಕಟ್ಟಿ ಮಲಗಿಸುತ್ತಿದ್ದಳು. ನಾಲ್ಕು ದಿನದಿಂದ ಹೊಟ್ಟೆ ಉಬ್ಬರಕ್ಕೆ ಒಂದೇ ಸಮ ಅಳು. ಸಾಲು ಬಿಟ್ಟು ಪದೇ ಪದೇ ಎದ್ದು ಹೋಗುತ್ತಿದ್ದರೆ ಮೇಸ್ತ್ರಿ ಸುಮ್ಮನಿರುತ್ತಾನೆಯೇ? ಬಸ್‌ಸ್ಟಾಪಿನ ಅಂಗಡಿಯಲ್ಲಿ ಗ್ಯಾಸಿಗೆ, ನಿದ್ದೆಗೆ ಒಳ್ಳೆಯದು ಎಂದು ಬರೆದ ಗುಳಿಗೆ ಸಿಕ್ಕಿತು.

"ಬಜೆ ತೇಯ್ದಂಗೆ ತೇಯ್ದೆನಮ್ಮ. ನನ್ ಹಾಲಾಗೇ ತೇಯ್ದು ನೆಕ್ಕಿಸ್ದೆ. ಸಿವನ ಗುಳಿಗೆ ಅಮ್ಮ, ಕೆಟ್ಟದ್ದಲ್ಲ," ಎಂದು ಸೆರಗಿನ ಗಂಟಿನಿಂದ ಖಾಲಿ ಪೊಟ್ಟಣ ತೆಗೆದಳು. ಕಾವಿ ಬಣ್ಣದ ಪೊಟ್ಟಣದ ಮೇಲೆ ಕಣ್ಣು ಮುಚ್ಚಿ ಕುಳಿತ ಶಿವ. ದೇವರ ಪಟ ಇರುವುದನ್ನು ತುಳಿಯಬಾರದು ಎಂದು ಅದನ್ನು ಬಿಸಾಡದೆ ಗಂಟಿಗೆ ಕಟ್ಟಿಕೊಂಡಿದ್ದಳು.

ನಮ್ಮ ಕಡೆ ಕೂಸುಗಳಿಗೆ ಬಜೆ ಬೇರು, ಮಾಸಿಕಾಯಿ ಇಂಥವನ್ನೆಲ್ಲ ಸಾಣೆಕಲ್ಲಿನ ಮೇಲೆ ತಾಯಿಯ ಹಾಲಿನಲ್ಲಿ ತೇಯ್ದು ನಾಲಿಗೆಗೆ ನೆಕ್ಕಿಸುತ್ತಾರೆ. ನನ್ನ ಅವ್ವ ನನಗೂ ನೆಕ್ಕಿಸಿದ್ದಾಳೆ. ಬೇರಾದರೆ ಎಷ್ಟು ತೇಯ್ದರೂ ಕಲ್ಲಿಗೆ ಹತ್ತುವುದು ಒಂದು ಗೆರೆಯಷ್ಟು. ಈ ಗುಳಿಗೆ ಬೆಲ್ಲದ ಹಾಗೆ ಮೆತ್ತಗೆ. ನಾಲ್ಕು ಸುತ್ತು ತೇಯ್ದರೆ ಅರ್ಧ ಗುಳಿಗೆ ಕರಗಿ ಕಲ್ಲಿನ ಮೇಲೆ ನಿಂತಿರುತ್ತದೆ. ಅದನ್ನೆಲ್ಲ ಬೆರಳಿನಿಂದ ಬಳಿದು ಕೂಸಿನ ಬಾಯಿಗೆ ಹಾಕಿದ್ದಳು ಪುಣ್ಯಾತ್ಗಿತ್ತಿ.

ಬೈಗುಳ ಬಾಯಿಗೆ ಬಂತು, ಆದರೆ ಹೊತ್ತಿರಲಿಲ್ಲ. ಆಂಬುಲೆನ್ಸ್ ಕರೆಸಿ, ಅದು ಬಂದ ಕೂಡಲೇ ನಾನೂ ಹತ್ತಿ ಕೂತು ಚಳ್ಳಕೆರೆಯ ಸರ್ಕಾರಿ ಆಸ್ಪತ್ರೆಗೆ ಹೊರಟೆ. ದಾರಿಯುದ್ದಕ್ಕೂ ಕೂಸನ್ನು ಮಗ್ಗುಲಾಗಿ ಹಿಡಿದು, ಉಸಿರು ನಿಂತಂತೆ ಅನ್ನಿಸಿದಾಗಲೆಲ್ಲ ಅಂಗಾಲು ಉಜ್ಜಿದೆ. ಡ್ಯೂಟಿಯಲ್ಲಿದ್ದ ಹುಡುಗ ಡಾಕ್ಟರಿಗೆ ಪೊಟ್ಟಣ ಕೊಟ್ಟು, "ಭಂಗಿ ಸೊಪ್ಪು, ಬಾಯಿಂದ ಹೋಗಿದೆ, ಬೆಳಿಗ್ಗೆ," ಎಂದೆ. ಅವನು ಒಂದು ಮಾತೂ ಹೆಚ್ಚು ಕೇಳಲಿಲ್ಲ. ಆಮ್ಲಜನಕ ಹಾಕಿ, ಸಕ್ಕರೆ ಅಂಶ ನೋಡಿ, ಡ್ರಿಪ್ ಏರಿಸಿದ. ಇದಕ್ಕೆ ಎದುರು ಔಷಧಿ ಅಂತ ಇಲ್ಲ. ಉಸಿರು ಕಾಯುವುದೇ ಚಿಕಿತ್ಸೆ.

ಮಾರನೇ ದಿನ ಮಧ್ಯಾಹ್ನ ಕೂಸು ಕಿಟಾರನೆ ಅತ್ತಿತು. ವಾರ್ಡಿನವರೆಲ್ಲ ನಕ್ಕರು. ತಾಯಿ ಮಾತ್ರ ಗೋಡೆಗೆ ಹಣೆ ಹಚ್ಚಿಕೊಂಡು ಅತ್ತಳು. ಮುದುಕಿ, "ಅಯ್ಯೋ ದೇವುಡಾ," ಎಂದು ಕೂಸನ್ನು ಎತ್ತಿಕೊಂಡವಳು ಮತ್ತೆ ಸೊಸೆಗೆ ಕೊಡಲೇ ಇಲ್ಲ. ಮೊಲೆ ಕುಡಿಸುವಾಗಲೂ ಪಕ್ಕದಲ್ಲೇ ಕಾವಲು ಕೂತಳು.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಎಲ್ಲಿ ಮುಗಿಯುತ್ತೆ! ಇಂಥ ಕೇಸು ಬಂದರೆ ಆಸ್ಪತ್ರೆಯವರು ಠಾಣೆಗೆ ತಿಳಿಸಲೇಬೇಕು, ತಿಳಿಸಿದ್ದರು. ಸಬ್ ಇನ್ಸ್‌ಪೆಕ್ಟರು ಬಂದರು. ಒರಟ ಮನುಷ್ಯ ಏನಲ್ಲ. ನನಗೆ ಕುರ್ಚಿ ಎಳೆದು ಕೊಟ್ಟು ವಿಷಯಕ್ಕೆ ಬಂದರು.

"ಮೇಡಂ, ಮಗುವಿಗೆ ಅಮಲು ಪದಾರ್ಥ ಕೊಟ್ಟೋರಿಗೆ ಮಕ್ಕಳ ನ್ಯಾಯ ಕಾಯ್ದೆಯಲ್ಲಿ ಏಳು ವರ್ಷದವರೆಗೂ ಐತೆ. ತಾಯಿ ತಾನೇ ಕೊಟ್ಟಿದ್ದು ಅಂತ ಬಾಯಿ ಬಿಟ್ಟವಳೆ. ಈ ಗುಳಿಗೆ ಅಮಲು ಪದಾರ್ಥ ಅಂತ ನೀವೊಂದು ಅಭಿಪ್ರಾಯ ಬರ್ಕೊಡಿ, ಸಾಕು. ಲ್ಯಾಬಿನ ರಿಪೋರ್ಟು ಬರೋಕೆ ತಿಂಗಳುಗಟ್ಟಲೆ ಆಗುತ್ತೆ."

"ಆಮೇಲೆ ಮಗು?"

"ಮಕ್ಕಳ ಕಲ್ಯಾಣ ಸಮಿತಿ ನೋಡ್ಕೊಳುತ್ತೆ. ಅಜ್ಜಿ ಹತ್ರ ಬಿಟ್ರೂ ಬಿಡಬಹುದು."

"ಮಾರಿದೋನು?"

"ಅದು ನಮ್ಗೆ ಬರಲ್ಲ. ಅಬಕಾರಿಯೋರ್ನ ಕೇಳಿ."

ಕೇಳಿದೆ. ಅಬಕಾರಿ ಅಧಿಕಾರಿ ಕೈ ಮುಗಿದರು. "ಮೇಡಂ, ನನ್ ಹೊಟ್ಟೆ ಉರೀನೂ ಸ್ವಲ್ಪ ಕೇಳಿ. ಗಿಡದ ಹೂವಿನ ತುದಿ ಇದ್ರೆ ಅದು ಗಾಂಜಾ. ಬರೀ ಎಲೆ ಆದ್ರೆ ಕೇಂದ್ರದ ಕಾಯ್ದೆಗೆ ಅದು ಗಾಂಜಾನೇ ಅಲ್ಲ. ನಮ್ ರಾಜ್ಯದ ಅಬಕಾರಿ ಕಾಯ್ದೆಯಾಗೆ ಹಿಡೀಬೋದು, ಹಿಡ್ದಿದ್ದೆ. ಕಂಪನಿ ವಕೀಲರು ಬಂದು, ಇದು ಲೈಸೆನ್ಸ್ ಇರೋ ಆಯುರ್ವೇದ ಔಷಧಿ, ನೀವ್ಯಾರು ಕೇಳೋಕೆ ಅಂದ್ರು. ಮಾಲು ಬಿಡಿಸ್ಕೊಂಡು ಹೋದ್ರು. ಆಯುರ್ವೇದ ನಿಮ್ದಲ್ವಾ? ನೀವೇ ನೋಡಿ."

ನಮ್ಮದೇ, ಸರಿ. ನಮ್ಮ ನಿಯಮ ಏನು ಹೇಳುತ್ತೆ? ಆಯುರ್ವೇದ ಔಷಧಿ ತಯಾರಿಸಲು ಲೈಸೆನ್ಸ್ ಬೇಕು, ಮಾರಲು ಬೇಡ. ಬೀಡಿ ಅಂಗಡಿಯವನೂ ಮಾರಬಹುದು, ಎಳನೀರಿನವನೂ ಮಾರಬಹುದು. ಭಂಗಿಯಂಥ ವಿಷದ ದ್ರವ್ಯ ಸೇರಿದ್ದರೆ ಪೊಟ್ಟಣದ ಮೇಲೆ, ವೈದ್ಯರ ಮೇಲ್ವಿಚಾರಣೆಯಲ್ಲಿ ತೆಗೆದುಕೊಳ್ಳಿ ಎಂಬ ಎಚ್ಚರಿಕೆ ಇರಬೇಕು. ಯಾವ ಭಾಷೆಯಲ್ಲಿ? ಇಂಗ್ಲಿಷು ಮತ್ತು ಹಿಂದಿಯಲ್ಲಿ. ಮೊಳಕಾಲ್ಮೂರಿನ ಹೊಲದಲ್ಲಿ ಶೇಂಗಾ ಕೀಳುವವಳು ಇಂಗ್ಲಿಷು ಹಿಂದಿ ಎರಡನ್ನೂ ಓದಿಕೊಂಡು ಗುಳಿಗೆ ನುಂಗಬೇಕು! ಥೂ ಎನಿಸಿತು. ಇಷ್ಟು ವರ್ಷ ಈ ನಿಯಮದ ಪುಸ್ತಕವನ್ನು ಓದಿದ್ದೇನೆ. ಅದರ ಮೇಲೆ ಅಸಹ್ಯ ಹುಟ್ಟಿದ್ದು ಅವತ್ತೇ.

ಬಸ್‌ಸ್ಟಾಪಿನ ಅಂಗಡಿಗೆ ಹೋದೆ. ಗುಟ್ಕಾ ಸರದ ಪಕ್ಕದಲ್ಲೇ ಶಿವನ ಸರ ನೇತಾಡುತ್ತಿತ್ತು. ಒಂದು ಪೊಟ್ಟಣ ಕೊಂಡು ಭೂತಗನ್ನಡಿ ಹಿಡಿದು ಓದಿದೆ. ಎಚ್ಚರಿಕೆಯ ಸಾಲು ಇತ್ತು, ಇರುವೆ ಸಾಲಿನಷ್ಟು ಸಣ್ಣದಾಗಿ, ಅಂಟಿಸಿದ ಮಡಿಕೆಯ ಕೆಳಗೆ. ಹಿಂಬದಿಯಲ್ಲಿ ಉತ್ತರದ ಯಾವುದೋ ರಾಜ್ಯದ ಲೈಸೆನ್ಸ್ ನಂಬರು. ಎಲ್ಲ ಕಾನೂನಿನ ಪ್ರಕಾರ. ಅಂಗಡಿಯ ಬಾಗಿಲಿಗೆ ಮಾತ್ರ ಕನ್ನಡದಲ್ಲಿ ದಪ್ಪ ಅಕ್ಷರದ ಪೋಸ್ಟರು ಅಂಟಿತ್ತು: ಗ್ಯಾಸ್, ಅಜೀರ್ಣ, ನಿದ್ರಾಹೀನತೆಗೆ ಶಿವನ ವರ. ಅಡ್ಡ ಪರಿಣಾಮ ಇಲ್ಲ. ಮನೆ ಮಂದಿಗೆಲ್ಲ. ಮಾರುವ ಮಾತು ಕನ್ನಡದಲ್ಲಿ, ಹೆದರಿಸುವ ಮಾತು ಇಂಗ್ಲಿಷಿನಲ್ಲಿ.

"ಇದನ್ನ ಯಾರು ತಗೋತಾರೆ?" ಎಂದು ಅಂಗಡಿಯಾತನನ್ನು ಕೇಳಿದೆ.

"ಎಲ್ರೂ ಅಮ್ಮ. ಲಾರಿಯೋರು, ಮೂಟೆ ಹೊರೋರು. ಈಗೀಗ ಹೆಣ್ಮಕ್ಳೂ ತಗೊಂಡ್ ಹೋಗ್ತಾರೆ, ಮೈಕೈ ನೋವಿಗೆ. ದ್ಯಾವ್ರು ಅವನಲ್ಲ ಮೇಲೆ, ತಪ್ಪು ಅನ್ಸಲ್ಲ. ನನ್ನೇನೂ ಅನ್ಬ್ಯಾಡ್ರಿ, ವ್ಯಾನಿನೋನು ತಂದು ನೇತಾಕಿ ಹೋಗ್ತಾನೆ."

ವ್ಯಾನಿನವನ ನಂಬರು ತೆಗೆದುಕೊಂಡೆ. ಫೋನು ಮಾಡಿದರೆ ಅವನು ಖುದ್ದಾಗಿ ಚಿಕಿತ್ಸಾಲಯಕ್ಕೇ ಬಂದ. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿದ ಮಾತು. ಈ ಎರಡು ತಾಲ್ಲೂಕಿಗೆ ಆ ಕಂಪನಿಯ ಏಜೆಂಟ್ ಅವನೇ.

"ಮೇಡಂ, ನೀವು ಬೇರೆ ಅಲ್ಲ, ನಾವು ಬೇರೆ ಅಲ್ಲ. ಇಬ್ರೂ ಆಯುರ್ವೇದಕ್ಕೆ ದುಡಿಯೋರು," ಎಂದು ಹಲ್ಲು ಕಿರಿದ.

"ಆ ಕೂಸು ಸತ್ತಿದ್ರೆ?"

"ಬೇಜಾರಿನ ವಿಷಯ ಮೇಡಂ. ಆದ್ರೆ ಪೊಟ್ಟಣದ ಮೇಲೆ ವೈದ್ಯರನ್ನ ಕೇಳಿ ಅಂತ ಬರ್ದೈತಲ್ಲ. ಆಯಮ್ಮ ಕೇಳ್ಬೇಕಿತ್ತು. ತಾಯಿ ಅಂದ್ಮೇಲೆ ಅಷ್ಟು ಜವಾಬ್ದಾರಿ ಬ್ಯಾಡ್ವಾ?"

"ಪೋಸ್ಟರಲ್ಲಿ ಮನೆ ಮಂದಿಗೆಲ್ಲ ಅಂತ ಯಾಕಪ್ಪ ಬರ್ದೆ?"

"ಅದು ಕಂಪನೀದಲ್ಲ ಮೇಡಂ, ಲೋಕಲ್ ಪ್ರಿಂಟು. ನಿಮ್ಮ ಚಿಕಿತ್ಸಾಲಯದಿಂದ ಒಂದು ಉಚಿತ ಶಿಬಿರ ಮಾಡಿ, ಖರ್ಚೆಲ್ಲ ನಮ್ದು. ಹಿಂದೆ ಒಂದು ಬ್ಯಾನರ್ ಹಾಕ್ಕೊಂತೀವಿ, ಅಷ್ಟೆ."

"ಎದ್ದು ಹೋಗ್ತೀಯಾ, ಇಲ್ಲ ಪೊರಕೆ ತರ್ಲಾ?" ಎಂದೆ. ಸರ್ಕಾರಿ ಡಾಕ್ಟರು ಆಡುವ ಮಾತಲ್ಲ, ಗೊತ್ತು. ಅವನು ನಗುತ್ತಲೇ ಎದ್ದು ಹೋದ. ಅವನು ಕೂತಿದ್ದ ಬೆಂಚನ್ನು ನೀರು ಹಾಕಿ ಒರೆಸಿದೆ.

ಅವನು ಹೋದ ಮೇಲೆ ಒಂದು ಗುಳಿಗೆ ಬಿಡಿಸಿದೆ. ಶಾಸ್ತ್ರದ ಪ್ರಕಾರ ವಿಜಯಾ ಎಲೆಯನ್ನು ಬಟ್ಟೆಯಲ್ಲಿ ಕಟ್ಟಿ, ಹಸಿರು ನೀರು ಬರುವುದು ನಿಲ್ಲುವವರೆಗೂ ತೊಳೆಯಬೇಕು. ನೆರಳಲ್ಲಿ ಒಣಗಿಸಿ ಹಸುವಿನ ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಹುರಿಯಬೇಕು. ಆಮೇಲೆ ಅದು ಔಷಧಕ್ಕೆ ಯೋಗ್ಯ, ಅದೂ ಚಿಟಿಕೆಯ ಲೆಕ್ಕದಲ್ಲಿ, ರೋಗಿಯ ಬಲ ನೋಡಿ. ಗುಳಿಗೆಯನ್ನು ಬಿಸಿನೀರಿನಲ್ಲಿ ಕರಗಿಸಿ ಬಿಳಿ ಬಟ್ಟೆಯಲ್ಲಿ ಸೋಸಿದೆ. ಸಕ್ಕರೆ, ದ್ರಾಕ್ಷಿ ತಿರುಳು ಕರಗಿ ಹೋದ ಮೇಲೆ ಬಟ್ಟೆಯಲ್ಲಿ ಉಳಿದದ್ದು ನುಚ್ಚಾದ ಹಸಿ ಎಲೆ. ಹಿಂಡಿದರೆ ಹಸಿರು ನೀರು, ಮತ್ತೆ ತೊಳೆದು ಹಿಂಡಿದರೆ ಮತ್ತೂ ಹಸಿರು. ತೊಳೆದೂ ಇಲ್ಲ, ಹುರಿದೂ ಇಲ್ಲ. ಕೋರ್ಟಿನಲ್ಲಿ ಇದು ಸಾಕ್ಷಿ ಅಲ್ಲ ಎನ್ನುವುದು ನನಗೂ ಗೊತ್ತು. ಆದರೆ ನನ್ನ ವಿದ್ಯೆಯ ಹೆಸರು ಹೇಳಿಕೊಂಡು ಈ ಕೊಳಕನ್ನು ಮಾರುತ್ತಿದ್ದಾರಲ್ಲ! ಬಟ್ಟೆಯನ್ನು ಆಚೆ ಬಿಸಾಡಿ ಸೋಪು ಹಾಕಿ ಕೈ ತೊಳೆದೆ.

ಅಭಿಪ್ರಾಯ ಪತ್ರ ಬರೆಯಲು ಕೂತಾಗ ಇಕ್ಕಟ್ಟು ಏನೆಂದು ನಿಚ್ಚಳವಾಯಿತು. ಅಮಲು ಪದಾರ್ಥ ಎಂದು ಬರೆದರೆ ಸತ್ಯ ಬರೆದಂತೆ. ಆದರೆ ಆ ಸತ್ಯ ನೇರವಾಗಿ ಹೋಗಿ ಬೀಳುವುದು ತಾಯಿಯ ಕುತ್ತಿಗೆಗೆ. ಏಜೆಂಟನಿಗೆ ಅದರಿಂದ ಕೂದಲೂ ಕೊಂಕುವುದಿಲ್ಲ. ಅವನ ಕೈಯಲ್ಲಿ ಲೈಸೆನ್ಸ್ ನಂಬರು ಇದೆ, ವಕೀಲರಿದ್ದಾರೆ. ಔಷಧಿ ಎಂದು ಬರೆದರೆ ತಾಯಿ ಉಳಿಯುತ್ತಾಳೆ. ಔಷಧಿ ಎಂದು ಮಾರಿದ್ದನ್ನು ಔಷಧಿ ಎಂದೇ ನಂಬಿ ಕೊಟ್ಟಳು, ಅಷ್ಟೇ. ಆದರೆ ಆ ಮಾತು ನನ್ನ ಸಹಿಯ ಜೊತೆ ಏಜೆಂಟನ ಪಕ್ಷಕ್ಕೂ ನಿಲ್ಲುತ್ತದೆ. ಒಂದೇ ಗುಳಿಗೆ, ತಾಯಿಯ ಕೈಯಲ್ಲಿದ್ದರೆ ಅಮಲು, ಏಜೆಂಟನ ವ್ಯಾನಿನಲ್ಲಿದ್ದರೆ ಔಷಧಿ. ಯಾವ ಪುಣ್ಯಾತ್ಮ ಬರೆದ ನಿಯಮವೋ.

ಇಲಾಖೆಯ ಮೇಲಿನವರಿಗೆ ಫೋನು ಮಾಡಿದೆ. ಅವರಿಗೆ ಅಂಜಿಕೆಯೇ ಜಾಸ್ತಿ. "ನೋಡಮ್ಮ, ಔಷಧಿ ಅಂದ್ರೆ ನಮ್ಮ ತಲೆಗೆ ಬರುತ್ತೆ. ಅಮಲು ಅಂತ ಬರೆದು ಪೊಲೀಸರ ತಲೆಗೆ ಕಟ್ಟಿಬಿಡಿ. ನಿಮಗ್ಯಾಕೆ ಇಲ್ಲದ ಉಸಾಬರಿ?" ಎಂದರು.

"ಅದು ಪೊಲೀಸರ ತಲೆಗಲ್ಲ ಸಾರ್, ಆ ಹುಡುಗಿ ತಲೆಗೆ," ಎಂದು ಫೋನಿಟ್ಟೆ.

ಆಸ್ಪತ್ರೆಗೆ ಮತ್ತೆ ಹೋದಾಗ ಆ ಹುಡುಗಿ ವರಾಂಡದಲ್ಲಿ ಕೂತಿದ್ದಳು. ಪೊಲೀಸಮ್ಮ ಒಬ್ಬಳು ಪಕ್ಕದಲ್ಲಿ. ಒಳಗಿನಿಂದ ಕೂಸು ಅಳುವುದು ಕೇಳಿಸುತ್ತಿತ್ತು. ಹಾಲು ಸೋರಿ ಅವಳ ಕುಪ್ಪಸ ಒದ್ದೆಯಾಗಿತ್ತು.

"ಎದ್ದು ಹೋಗಿ ಕುಡಿಸ್ಬಾರದೇನೇ?"

"ಅತ್ತೆ ಕರ್ದಾಗ ಹೋಗ್ತೀನಮ್ಮ. ಜೈಲಿಗೆ ಹೋದ್ರೆ ಕೂಸನ್ನೂ ಜೊತೆಗೆ ಬಿಡ್ತಾರಾ?"

ಅಲ್ಲಿಯೇ ತೀರ್ಮಾನ ಮಾಡಿದೆ. ಬೆಂಚಿನ ಮೇಲೆ ಕೂತು ಬರೆದೆ. ಈ ಗುಳಿಗೆ ವಿಜಯಾ ಎಂಬ ದ್ರವ್ಯ ಸೇರಿರುವ, ಆಯುರ್ವೇದ ಔಷಧಿಯೆಂದು ಪರವಾನಗಿ ಪಡೆದು ಮಾರುತ್ತಿರುವ ಔಷಧಿ. ಮಗುವಿನ ತಾಯಿ ಇದನ್ನು ಔಷಧಿಯೆಂದೇ ತಿಳಿದು, ಹಸುಗೂಸಿಗೆ ಔಷಧಿ ತೇಯ್ದು ನೆಕ್ಕಿಸುವ ಮನೆಯ ರೂಢಿಯಂತೆ ಕೊಟ್ಟಿದ್ದಾಳೆ. ಎಚ್ಚರಿಕೆ ಅವಳು ಓದಬಲ್ಲ ಭಾಷೆಯಲ್ಲಿ ಇರಲಿಲ್ಲ. ಕೆಳಗೆ ಸಹಿ ಹಾಕಿ ಮೊಹರು ಒತ್ತಿದೆ. ಸಬ್ ಇನ್ಸ್‌ಪೆಕ್ಟರು ಎರಡು ಸಲ ಓದಿದರು.

"ಅಮಲು ಅನ್ನೋ ಪದಾನೇ ಇಲ್ವಲ್ಲ ಮೇಡಂ?"

"ಕಂಪನಿಯೋರ ಲೈಸೆನ್ಸಲ್ಲಿ ಐತಾ? ಅದ್ರಾಗೆ ಬಂದ ದಿನ ನಾನೂ ಬರೀತೀನಿ."

ಅವರು ಕಾಗದವನ್ನು ಮಡಿಸಿ ಫೈಲಿಗೆ ಸೇರಿಸಿ, "ಸರಿ ಬಿಡಿ. ನಂಗೂ ಮಕ್ಕಳವೆ," ಎಂದರು. ತಾಯಿಯ ಮೇಲೆ ಕೇಸು ಆಗಲಿಲ್ಲ.

ಇನ್ನೊಂದು ಹಾಳೆಯಲ್ಲಿ ಔಷಧ ನಿಯಂತ್ರಣದವರಿಗೆ ದೂರು ಬರೆದೆ. ಗುಳಿಗೆಯ ಮಾದರಿ ಇದ್ದ ಪೊಟ್ಟಣ, ಪೋಸ್ಟರಿನ ಫೋಟೋ, ಎಚ್ಚರಿಕೆ ಮುಚ್ಚುವ ಮಡಿಕೆ, ದೇವರ ಚಿತ್ರ, ಗುಟ್ಕಾ ಜೊತೆ ನೇತುಹಾಕಿ ಮಾರುವ ರೀತಿ, ತೊಳೆದರೂ ಹೋಗದ ಹಸಿರು, ಒಂದನ್ನೂ ಬಿಡಲಿಲ್ಲ. ನಡೆದದ್ದು ಗೊತ್ತಾಗಲಿ ಎಂದು ಪೊಲೀಸರಿಗೆ ಕೊಟ್ಟ ಅಭಿಪ್ರಾಯದ ನಕಲನ್ನೂ ಲಗತ್ತಿಸಿದೆ. ಬರೆದು ಮುಗಿಸಿದಾಗ ಮನಸ್ಸು ಹಗುರವಾಗಿತ್ತು. ಇಷ್ಟು ಬರೆದ ಮೇಲೂ ಯಾರಾದರೂ ಸುಮ್ಮನಿರುತ್ತಾರಾ ಎಂಬ ಧೈರ್ಯ.

ಉತ್ತರ ಬಂದದ್ದು ಶೇಂಗಾ ಕಣ ಎಲ್ಲ ಖಾಲಿಯಾದ ಮೇಲೆ. ಎಚ್ಚರಿಕೆ ನಿಯಮದಂತೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿದೆ. ಪೋಸ್ಟರು ತಯಾರಕರದ್ದಲ್ಲ, ಅದನ್ನು ತೆಗೆಯುವಂತೆ ಅಂಗಡಿಯವರಿಗೆ ತಿಳಿಸಲಾಗಿದೆ. ನನ್ನ ದೂರಿನ ಪ್ರತಿಯನ್ನು ಲಗತ್ತುಗಳ ಸಮೇತ ವಿವರಣೆಗಾಗಿ ಕಂಪನಿಗೆ ಕಳುಹಿಸಲಾಗಿತ್ತು. ಕಂಪನಿಯ ವಿವರಣೆ ತೃಪ್ತಿಕರವಾಗಿದೆ. ಎಂಥ ತೃಪ್ತಿಯಪ್ಪ! ಮಾದರಿಯ ಪರೀಕ್ಷೆ ಏನಾಯಿತೆಂದು ಅದರಲ್ಲಿ ಒಂದು ಅಕ್ಷರವೂ ಇರಲಿಲ್ಲ.

ಆಮೇಲೆ ಒಂದು ದಿನ ಸಭೆಗೆಂದು ಮೊಳಕಾಲ್ಮೂರಿಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನ ಬೀಡಾ ಅಂಗಡಿಯಲ್ಲಿ ಶಿವನ ಸರದ ಪಕ್ಕ ಹೊಸ ಪೋಸ್ಟರು ಕಂಡಿತು. ಅದರಲ್ಲಿ ನನ್ನ ಕೈಬರಹ. 'ಈ ಗುಳಿಗೆ ವಿಜಯಾ ಎಂಬ ದ್ರವ್ಯ ಸೇರಿರುವ, ಆಯುರ್ವೇದ ಔಷಧಿ' ಎಂಬಲ್ಲಿಗೆ ಕತ್ತರಿಸಿ, ಕೆಳಗೆ ನನ್ನ ಸಹಿ ಮತ್ತು ಸರ್ಕಾರದ ಮೊಹರನ್ನು ದೊಡ್ಡದಾಗಿ ಹಾಕಿದ್ದರು. ಮೇಲೆ ದಪ್ಪ ಅಕ್ಷರದಲ್ಲಿ ಸರ್ಕಾರಿ ವೈದ್ಯಾಧಿಕಾರಿಗಳಿಂದ ದೃಢೀಕೃತ ಎಂದಿತ್ತು. ಪೋಸ್ಟರನ್ನು ಕಿತ್ತು ಹರಿದು ಹಾಕಿದೆ.

"ಏಯ್, ಯಾರಮ್ಮ ನೀನು? ಯಾಕ್ ಹರೀತೀಯಾ?" ಎಂದ ಅಂಗಡಿಯವನು.

"ಅದರಾಗೆ ಸೈನ್ ಹಾಕಿರೋಳು ನಾನೇ ಕಣೋ!"

ಅವನು ಚೂರನ್ನೂ ನನ್ನನ್ನೂ ನೋಡಿ, "ಹರ್ಕೊಳ್ಳಿ ಮೇಡಂ, ಅದಕ್ಕೇನಂತೆ. ಒಳಗೆ ಇನ್ನೂ ಒಂದು ಕಟ್ಟು ಐತೆ," ಎಂದ. ವ್ಯಂಗ್ಯ ಅಲ್ಲ, ಮರ್ಯಾದೆಯಿಂದಲೇ ಅಂದ. ಅದಕ್ಕೇ ಇನ್ನಷ್ಟು ಹೇಸಿಗೆಯಾಯಿತು. ಮತ್ತೆ ದೂರು ಬರೆದೆ, ನನ್ನ ಸಹಿ ಕದ್ದಿದ್ದಾರೆ ಎಂದು ಠಾಣೆಗೂ ಕೊಟ್ಟೆ. ಎಲ್ಲೆಲ್ಲಿ ಕಣ್ಣಿಗೆ ಬಿತ್ತೋ ಅಲ್ಲೆಲ್ಲ ಕಿತ್ತೆ. ದೂರುಗಳು ಇನ್ನೂ ಪರಿಶೀಲನೆಯಲ್ಲಿವೆ.

ಮೊನ್ನೆ ಆ ಅತ್ತೆ ಸೊಸೆ ಕೂಸನ್ನು ಕರೆದುಕೊಂಡು ಬಂದರು. ನೆಗಡಿ, ಕೆಮ್ಮು. ಕೂಸು ಈಗ ಗಟ್ಟಿಯಾಗಿ ಕೂರುತ್ತದೆ, ನನ್ನ ಸ್ಟೆತಸ್ಕೋಪು ಎಳೆದು ಬಾಯಿಗೆ ಹಾಕಿಕೊಂಡಿತು. ಅದು ಕೂತಿದ್ದು ಅಜ್ಜಿಯ ತೊಡೆಯ ಮೇಲೆ. ತಾಯಿ ಬಾಗಿಲ ಹತ್ತಿರ ನಿಂತಿದ್ದಳು.

"ಯಾಕೆ ಅಷ್ಟು ದೂರ ನಿಂತಿದ್ದೀಯೇ? ಬಾ ಒಳಗೆ," ಎಂದೆ.

ಬಂದಳು. ತಲೆ ತಗ್ಗಿಸಿಯೇ, "ಅಮ್ಮಾ, ಅಂಗಡ್ಯಾಗೆ ನಿಮ್ ಕಾಗ್ದ ಅಂಟ್ಸವ್ರೆ. ಕೈಬರಹ ತಿಳೀಲಿಲ್ಲ, ಓದಿಸ್ಕಂಡೆ. ಗುಳಿಗೆ ಒಳ್ಳೇ ಔಷಧಿನೇ ಅಂತ ನೀವೇ ಬರ್ದೀರಂತೆ. ಅಂಗಾದ್ರೆ ನನ್ ಕೈಯಾಗೇ ದೋಷ ಇತ್ತು ಅಲ್ವರಾ?" ಎಂದಳು.

"ನಾನು ಆವತ್ತೇ ಹೇಳ್ಲಿಲ್ವಾ," ಎಂದಳು ಮುದುಕಿ, ಕೂಸಿನ ಮೂಗು ಒರೆಸುತ್ತ.

ನಾನು ಎಲ್ಲವನ್ನೂ ಹೇಳಿದೆ. ಕಾಗದ ಕತ್ತರಿಸಿದ್ದಾರೆ, ನಿನ್ನನ್ನು ಉಳಿಸಲು ಹಾಗೆ ಬರೆದೆ, ಆ ಗುಳಿಗೆ ವಿಷ, ತಪ್ಪು ನಿನ್ನದಲ್ಲ, ಒಂದು ಕೂದಲಿನಷ್ಟೂ ಅಲ್ಲ ಎಂದೆ. ಗಂಟಲು ಬಿರಿಯುವ ಹಾಗೆ ಕೂಗಿಯೇ ಹೇಳಿದೆ. ಹೊರಗೆ ಕೂತಿದ್ದವರೂ ಎದ್ದು ಬಂದು ನೋಡಿದರು. ಅವಳು, ಹೂನಮ್ಮ, ಹೂನಮ್ಮ ಎಂದು ತಲೆಯಾಡಿಸಿದಳು. ಬೈಯುವ ಅಧಿಕಾರಿಗಳ ಮುಂದೆ ನಮ್ಮ ಜನ ತಲೆಯಾಡಿಸುತ್ತಾರಲ್ಲ, ಹಾಗೆ.

ಕೆಮ್ಮಿನ ಔಷಧಿ ಅಳೆದು ಚಮಚಕ್ಕೆ ಹಾಕಿದೆ. ಅಜ್ಜಿ ಕೈ ಚಾಚಿದಳು, ನಾನು ಕೊಡಲಿಲ್ಲ.

"ನೀನೇ ಕುಡಿಸೇ. ಕೂಸು ನಿಂದು," ಎಂದು ತಾಯಿಯ ಕೈಗೆ ಚಮಚ ಕೊಟ್ಟೆ.

ಅವಳು ಅದನ್ನು ತೆಗೆದುಕೊಂಡು ಅತ್ತೆಯ ಕೈಗೆ ಕೊಟ್ಟಳು.